ಪುಸ್ತಕದ ಬದನೆಕಾಯಿ, ಬಾಣಲೆಯ ಬದನೆಕಾಯಿ

ಪುರಾಣ ಹೇಳುವ ಶಾಸ್ತ್ರಿಗಳೊಬ್ಬರ ಕಥೆಯನ್ನು ನಿಮ್ಮ ಅಜ್ಜಿ ಎಂದಾದರೂ ಹೇಳಿರಬಹುದು. ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು ಅವರು, ಬದನೆಕಾಯಿ ತಿನ್ನಬಾರದು, ತಿಂದರೆ ಮಹಾಪಾಪ ಎಂದು ಊರವರಿಗೆಲ್ಲ ಬೋಧಿಸಿದರಂತೆ. ಕೇಳಲು ಬಂದವರಲ್ಲಿ ಅವರ ಹೆಂಡತಿಯೂ ಇದ್ದರು. ಆಕೆ ಗಾಬರಿಯಿಂದ ಮನೆಗೆ ಓಡಿ, ಮಾಡಿಟ್ಟಿದ್ದ ಬದನೆಕಾಯಿ ಪಲ್ಯವನ್ನೆಲ್ಲ ಹಿತ್ತಲಿಗೆ ಚೆಲ್ಲಿ, ರಾತ್ರಿ ಗಂಡನಿಗೆ ಬರೀ ಸಾರು ಅನ್ನ ಬಡಿಸಿದರು. "ಪಲ್ಯ ಎಲ್ಲಿ?" ಎಂದು ಶಾಸ್ತ್ರಿಗಳು ಕೇಳಿದರು. "ನೀವೇ ಹೇಳಿದಿರಲ್ಲ, ತಿನ್ನಬಾರದು ಅಂತ!" ಶಾಸ್ತ್ರಿಗಳು ತಲೆ ಚಚ್ಚಿಕೊಂಡು, "ಅಯ್ಯೋ, ನಾನು ಹೇಳಿದ್ದು ಪುಸ್ತಕದ ಬದನೆಕಾಯಿ ಕಣೇ, ನೀನು ಚೆಲ್ಲಿದ್ದು ತಿನ್ನೋ ಬದನೆಕಾಯಿ!" ಎಂದರಂತೆ.

ಓದಿನಲ್ಲಷ್ಟೇ ಉಳಿದು ಬಾಳಿಗೆ ಉಪಯೋಗಕ್ಕೆ ಬಾರದ ತಿಳಿವಳಿಕೆಗೆ ಕನ್ನಡದಲ್ಲಿ 'ಪುಸ್ತಕದ ಬದನೆಕಾಯಿ' ಎನ್ನುತ್ತಾರೆ. 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂಬ ಗಾದೆಯೂ ಇದೆ. ಯುವ ಓದುಗರೇ, ನಿಮಗೆ ಈ ಕಥೆಯನ್ನು ಹೇಳುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಅನೇಕರು ಹುಟ್ಟಿದ್ದು ಮುಂಬಯಿಯಲ್ಲೋ ಪುಣೆಯಲ್ಲೋ ದಿಲ್ಲಿಯಲ್ಲೋ. ಕನ್ನಡ ನಿಮಗೆ ಅಮ್ಮನ ಮಾತು ನಿಜ, ಆದರೆ ಶಾಲೆಯ ಮಾತಲ್ಲ, ಗೆಳೆಯರ ಮಾತೂ ಅಲ್ಲ. ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿಸುತ್ತೇವೆ, ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವ ಮಾಡುತ್ತೇವೆ, ವೇದಿಕೆಯ ಮೇಲೆ ನಿಮ್ಮಿಂದ ಭಾಷಣ ಮಾಡಿಸುತ್ತೇವೆ. ಇದೆಲ್ಲ ಒಳ್ಳೆಯದೇ. ಆದರೆ ದಿನವೂ ಬಳಸದೆ ಹೋದರೆ ಆ ಕನ್ನಡ ಪುಸ್ತಕದ ಬದನೆಕಾಯಿಯಾಗಿ ಉಳಿಯುತ್ತದೆ. ದಿನವೂ ಬಳಸುವ ಜಾಗ ಒಂದು ಇದೆ. ಅದು ಅಡುಗೆಮನೆ. ಅಲ್ಲಿಗೆ ನಿಮ್ಮನ್ನು ಕರೆದೊಯ್ಯಲು ನಿಜವಾದ ಬದನೆಕಾಯಿಗಿಂತ ಒಳ್ಳೆಯ ಜೊತೆಗಾರ ನನಗೆ ಕಾಣಲಿಲ್ಲ.

ಹುಡುಗರು ಇಲ್ಲಿಗೇ ಓದು ನಿಲ್ಲಿಸಿ ಪುಟ ತಿರುಗಿಸಬೇಡಿ. ಇದು ಹುಡುಗಿಯರಿಗೆ ಮಾತ್ರ ಬರೆದದ್ದಲ್ಲ. ಕೆಲಸಕ್ಕೆಂದು ಹೊರಟು ಮೂರು ನಾಲ್ಕು ಜನ ಸೇರಿ ಕೋಣೆ ಹಿಡಿದು, ದಿನವೂ ಫೋನಿನಲ್ಲಿ ಊಟ ತರಿಸಿ ತಿನ್ನುವವರಲ್ಲಿ ಹುಡುಗರು ಕಡಿಮೆ ಇಲ್ಲ. ಹಸಿವಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ಬದನೆಕಾಯಿಯೇ ಏಕೆ?

ಮೊದಲನೆಯದಾಗಿ, ಅದು ಎಲ್ಲ ಊರಿನಲ್ಲಿಯೂ ಸಿಗುತ್ತದೆ. ಊರಿನಿಂದ ತರಿಸಬೇಕಾದ ಪದಾರ್ಥವಲ್ಲ. ಎರಡನೆಯದಾಗಿ, ಬೇಗ ಬೇಯುತ್ತದೆ. ಕೆಲಸದಿಂದ ಬಂದು ಕೈಕಾಲು ತೊಳೆದು ಒಲೆ ಹಚ್ಚಿದರೆ ಅರ್ಧ ಗಂಟೆಯೊಳಗೆ ಊಟ. ಮೂರನೆಯದಾಗಿ, ಅದಕ್ಕೆ ತನ್ನದೇ ಆದ ಜೋರು ರುಚಿ ಇಲ್ಲ. ಉಪ್ಪು, ಹುಳಿ, ಖಾರ, ಬೆಲ್ಲ ಏನು ಕೊಟ್ಟರೂ ಹೀರಿಕೊಳ್ಳುತ್ತದೆ. ಆದ್ದರಿಂದಲೇ ಕರ್ನಾಟಕದ ಒಂದೊಂದು ಸೀಮೆಯೂ ಇದನ್ನು ತನ್ನ ತನ್ನ ರೀತಿಯಲ್ಲಿ ಅಡುಗೆ ಮಾಡಿಕೊಂಡಿದೆ. ಐದು ಬಗೆಯ ಬದನೆಕಾಯಿ ಕಲಿತರೆ ಅರ್ಧ ಕರ್ನಾಟಕ ಸುತ್ತಿದ ಹಾಗೆ.

ಇನ್ನು ಹೆಸರು. ನಾನು ಬಿ.ಎ. ಓದುವಾಗ ಇಂಗ್ಲಿಷ್ ಕಾದಂಬರಿಯಲ್ಲಿ 'ಆಬರ್ಜೀನ್' ಎಂಬ ಪದ ಬಂದರೆ ಅದೇನೋ ದೊಡ್ಡ ವಸ್ತು ಇರಬೇಕು ಎಂದುಕೊಳ್ಳುತ್ತಿದ್ದೆ. ನೋಡಿದರೆ ನಮ್ಮ ಮನೆಯ ಬದನೆಕಾಯಿ! ಭಾರತದಲ್ಲಿ ನಾವು ಬಳಸುವ 'ಬ್ರಿಂಜಾಲ್' ಪೋರ್ಚುಗೀಸರ 'ಬೆರಿಂಜೆಲಾ'ದಿಂದ ಬಂದದ್ದು. ಅದು ಅರಬ್ಬರ 'ಅಲ್ ಬಾದಿಂಜಾನ್'ನಿಂದ, ಅರಬ್ಬರಿಗೆ ಅದು ಪರ್ಷಿಯದಿಂದ. ಪರ್ಷಿಯದ ಪದದ ಬೇರನ್ನು ವಿದ್ವಾಂಸರು ಮತ್ತೆ ಭಾರತದಲ್ಲಿಯೇ ಗುರುತಿಸುತ್ತಾರೆ. ಆಬರ್ಜೀನ್ ಕೂಡ ಇದೇ ಅರಬ್ಬೀ ಪದದ ಇನ್ನೊಂದು ಕವಲು. ಹೆಸರು ಇಲ್ಲಿಂದ ಹೊರಟು, ಲೋಕವೆಲ್ಲ ಅಲೆದು, ವೇಷ ಬದಲಿಸಿಕೊಂಡು ಮನೆಗೆ ಬಂದಿದೆ. ಅಮೆರಿಕದವರು ಮಾತ್ರ 'ಎಗ್‌ಪ್ಲಾಂಟ್' ಎನ್ನುತ್ತಾರೆ. ಮೊಟ್ಟೆಯ ಹಾಗೆ ಬಿಳಿಯಾಗಿ, ದುಂಡಗೆ ಬಿಡುವ ತಳಿಯೊಂದನ್ನು ನೋಡಿ ಇಟ್ಟ ಹೆಸರು ಅದು. ನಮ್ಮಲ್ಲಿಯೇ ಧಾರವಾಡದ ಕಡೆ 'ಮುಳಗಾಯಿ' ಎನ್ನುತ್ತಾರೆ. ತೊಟ್ಟಿನ ಮುಳ್ಳು ಚುಚ್ಚಿಸಿಕೊಂಡವರಿಗೆ ಆ ಹೆಸರು ಮರೆಯುವುದಿಲ್ಲ. ಉಡುಪಿಯ ಕಡೆಯ ದುಂಡು ಬದನೆಗೆ 'ಗುಳ್ಳ' ಎಂದು ಹೆಸರು.

ಕೊಳ್ಳುವುದು, ಹೆಚ್ಚುವುದು

ಮಾರುಕಟ್ಟೆಯಲ್ಲಿ ಮೊದಲು ನೋಡಬೇಕಾದದ್ದು ತೊಟ್ಟು. ಅದು ಹಸಿರಾಗಿ ಗಟ್ಟಿಯಾಗಿರಬೇಕು. ಒಣಗಿ ಕಂದಾಗಿದ್ದರೆ ಕಾಯಿ ಕೊಯ್ದು ಬಹಳ ದಿನವಾಯಿತು ಎಂದರ್ಥ. ಸಿಪ್ಪೆ ಬಿಗಿಯಾಗಿ ಹೊಳೆಯುತ್ತಿರಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರಬೇಕು. ಸಣ್ಣ ತೂತು ಕಂಡರೆ ಬಿಡಿ. ಒಳಗೆ ಕಾಯಿಕೊರಕ ಹುಳು ಮನೆ ಮಾಡಿರುತ್ತದೆ. ತೂತು ಕಾಣದಿದ್ದರೂ ಹೆಚ್ಚುವಾಗ ಪ್ರತಿಯೊಂದನ್ನೂ ಬಿಡಿಸಿ ನೋಡಿಯೇ ಬಾಣಲೆಗೆ ಹಾಕಬೇಕು. ಬಲಿತು ಬೀಜ ಕಪ್ಪಾದ ಕಾಯಿ ಕಹಿಯಾಗಿರುತ್ತದೆ, ಅದನ್ನು ತೆಗೆದುಬಿಡಿ.

ಹೆಚ್ಚಿದ ಹೋಳು ಗಾಳಿ ತಾಗಿದ ಕೂಡಲೇ ಕಪ್ಪಾಗುತ್ತದೆ. ಸೇಬಿನ ಹೋಳು ಕಪ್ಪಾಗುವುದಕ್ಕೂ ಇದೇ ಕಾರಣ. ಆದ್ದರಿಂದ ಪಕ್ಕದಲ್ಲಿ ಒಂದು ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಇಟ್ಟುಕೊಂಡು, ಹೆಚ್ಚಿದ ಹಾಗೆ ಅದರಲ್ಲಿ ಹಾಕುತ್ತಾ ಹೋಗಿ. ಬಾಣಲೆಗೆ ಹಾಕುವಾಗ ನೀರು ಹಿಂಡಿ ತೆಗೆಯಿರಿ.

ಇನ್ನೆರಡು ಗುಟ್ಟು. ಬದನೆಕಾಯಿಯ ತಿರುಳು ಸ್ಪಂಜಿನ ಹಾಗೆ. ಹಾಕಿದ ಎಣ್ಣೆಯನ್ನೆಲ್ಲ ಮೊದಲ ಎರಡು ನಿಮಿಷದಲ್ಲಿ ಕುಡಿದುಬಿಡುತ್ತದೆ. ಹೊಸಬರು ಹೆದರಿ ಮತ್ತಷ್ಟು ಎಣ್ಣೆ ಸುರಿಯುತ್ತಾರೆ. ಸುರಿಯಬೇಡಿ. ಉಪ್ಪು ಹಾಕಿ ಮುಚ್ಚಳ ಮುಚ್ಚಿದರೆ ತನ್ನ ನೀರಿನಲ್ಲೇ ಬೇಯುತ್ತದೆ. ಎರಡನೆಯದು, ಹುಣಸೆಹುಳಿಯನ್ನು ಹೋಳು ಮೆತ್ತಗಾದ ಮೇಲೆ ಹಾಕಬೇಕು. ಹುಳಿ ಬಿದ್ದ ಮೇಲೆ ಯಾವ ತರಕಾರಿಯೂ ಬೇಗ ಬೇಯುವುದಿಲ್ಲ.

ಕೆಲವರಿಗೆ ಬದನೆಕಾಯಿ ತಿಂದರೆ ಬಾಯಿ, ಗಂಟಲು ತುರಿಸುತ್ತದೆ. ಅಂಥವರು ಹಟ ಮಾಡದೆ ಬಿಟ್ಟುಬಿಡುವುದು ಒಳ್ಳೆಯದು. ಈ ಕ್ರಮಗಳನ್ನು ಅವರು ಬೇರೆ ತರಕಾರಿಗೆ ಹೊಂದಿಸಿಕೊಳ್ಳಬಹುದು.

ಕೆಳಗಿನ ಅಳತೆಗಳೆಲ್ಲ ಇಬ್ಬರು ಮೂವರಿಗೆ. ದೊಡ್ಡ ಚಮಚವೆಂದರೆ ಬಡಿಸಿಕೊಳ್ಳುವ ಸೌಟಲ್ಲ, ಊಟದ ಚಮಚ.

ಮೊದಲನೆಯದು: ದಿನದ ಪಲ್ಯ

ಕಾಲು ಕಿಲೋ ಬದನೆಕಾಯಿಯನ್ನು ಉದ್ದುದ್ದ ಹೆಚ್ಚಿಕೊಳ್ಳಿ. ಬಾಣಲೆಯಲ್ಲಿ 2 ದೊಡ್ಡ ಚಮಚ ಎಣ್ಣೆ ಕಾಯಲಿ. ಸಾಸಿವೆ ಹಾಕಿ, ಅದು ಸಿಡಿದ ಮೇಲೆ ಒಂದೊಂದು ಸಣ್ಣ ಚಮಚ ಕಡಲೆಬೇಳೆ, ಉದ್ದಿನಬೇಳೆ ಹಾಕಿ. ಬೇಳೆ ಕೆಂಪಗಾಗುತ್ತಿದ್ದಂತೆ ಒಣಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು. ಈಗ ಹೋಳು, ಅರಿಸಿನ, ಉಪ್ಪು ಹಾಕಿ ಕೈಯಾಡಿಸಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ಎಂಟು ಹತ್ತು ನಿಮಿಷದಲ್ಲಿ ಹೋಳು ಬಾಡಿ ಮೆತ್ತಗಾಗುತ್ತದೆ. ಆಮೇಲೆ ಒಂದು ಚಮಚ ಗಟ್ಟಿ ಹುಣಸೆರಸ, ಕಡಲೆಕಾಳಿನಷ್ಟು ಬೆಲ್ಲ, ಒಂದು ಚಮಚ ಸಾರಿನ ಪುಡಿ ಹಾಕಿ ಇನ್ನೆರಡು ನಿಮಿಷ ಇಡಿ. ಕಾಯಿತುರಿ ಇದ್ದರೆ ಉದುರಿಸಿ, ಇಲ್ಲದಿದ್ದರೆ ಚಿಂತೆಯಿಲ್ಲ. ಚಪಾತಿಗೂ ಅನ್ನಕ್ಕೂ ಆಗುತ್ತದೆ, ಬೆಳಿಗ್ಗೆ ಮಾಡಿ ಡಬ್ಬಿಗೂ ಹಾಕಿಕೊಳ್ಳಬಹುದು.

ಎರಡನೆಯದು: ಸುಟ್ಟ ಬದನೆಕಾಯಿಯ ಮೊಸರುಗೊಜ್ಜು

ಇದಕ್ಕೆ ದೊಡ್ಡ ದುಂಡು ಬದನೆಕಾಯಿ ಒಂದು ಸಾಕು. ದಿಲ್ಲಿಯಲ್ಲಿ ಭರ್ತಾಕ್ಕೆ ಎಂದೂ, ಮಹಾರಾಷ್ಟ್ರದಲ್ಲಿ ಭರೀತಕ್ಕೆ ಎಂದೂ ಕೇಳಿದರೆ ಅದನ್ನೇ ಕೊಡುತ್ತಾರೆ. ಮೈಗೆ ಎಣ್ಣೆ ಸವರಿ, ಚಾಕುವಿನ ತುದಿಯಿಂದ ಮೂರು ನಾಲ್ಕು ಕಡೆ ಚುಚ್ಚಿ. ಚುಚ್ಚದಿದ್ದರೆ ಒಳಗಿನ ಹಬೆಗೆ ಸಿಡಿದೀತು. ಗ್ಯಾಸಿನ ಉರಿಯ ಮೇಲೆ ನೇರವಾಗಿಟ್ಟು, ತಿರುಗಿಸುತ್ತಾ ಹತ್ತು ಹನ್ನೆರಡು ನಿಮಿಷ ಸುಡಿ. ಸಿಪ್ಪೆ ಕರಿಯಾಗಿ ತೊಟ್ಟಿನ ಬುಡವೂ ಮೆತ್ತಗಾದರೆ ಆಯಿತು. ಕೋಣೆಯಲ್ಲಿ ಗ್ಯಾಸ್ ಇಲ್ಲ, ಇಂಡಕ್ಷನ್ ಒಲೆ ಮಾತ್ರ ಇದೆಯೇ? ಕಾಯಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಎಣ್ಣೆ ಸವರಿದ ತವೆಯ ಮೇಲೆ ಮುಖ ಕೆಳಗಾಗಿ ಇಟ್ಟು ಮುಚ್ಚಿ, ಕಾಲು ಗಂಟೆ ಬಿಡಿ. ಹೊಗೆಯ ವಾಸನೆ ಬಾರದು, ರುಚಿಗೆ ಕೊರತೆಯಿಲ್ಲ.

ಸುಟ್ಟದ್ದನ್ನು ಐದು ನಿಮಿಷ ತಟ್ಟೆ ಮುಚ್ಚಿಟ್ಟರೆ ಸಿಪ್ಪೆ ತಾನೇ ಬಿಟ್ಟುಕೊಳ್ಳುತ್ತದೆ. ಸುಲಿದು, ಕೈಯಿಂದ ಚೆನ್ನಾಗಿ ಕಿವುಚಿ. ಮಿಕ್ಸಿಗೆ ಹಾಕಬೇಡಿ, ಅಂಟಾಗುತ್ತದೆ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಉಪ್ಪು, ಒಂದು ಲೋಟ ಮೊಸರು ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಿ. ಮೊಸರಿಗೆ ಬದಲು ಹುಣಸೆರಸ, ಬೆಲ್ಲ ಹಾಕಿದರೆ ಹುಳಿಗೊಜ್ಜು. ಎರಡೂ ಬಿಸಿ ಅನ್ನಕ್ಕೆ ಸೊಗಸು.

ಮುಂಬಯಿ, ಪುಣೆಯ ಮಕ್ಕಳಿಗೆ ಒಂದು ಮಾತು. ನಿಮ್ಮ ಮರಾಠಿ ನೆರೆಮನೆಯವರಲ್ಲಿ ಕೆಲವರು ಆಷಾಢದಿಂದ ಬದನೆಕಾಯಿ ತಿನ್ನುವುದನ್ನು ಬಿಟ್ಟು, ಮಾರ್ಗಶಿರದ ಚಂಪಾ ಷಷ್ಠಿಯಂದು ಖಂಡೋಬನಿಗೆ ಬದನೆಯ ಭರೀತ, ಸಜ್ಜೆಯ ರೊಟ್ಟಿ ನೈವೇದ್ಯ ಮಾಡಿ ಮತ್ತೆ ತಿನ್ನಲು ತೊಡಗುತ್ತಾರೆ. ಆ ಖಂಡೋಬನೇ ನಮ್ಮ ಮೈಲಾರಲಿಂಗ, ಉತ್ತರ ಕರ್ನಾಟಕದ ಮೈಲಾರದ ಒಡೆಯ. ಗಡಿಯ ಗೆರೆ ನಕ್ಷೆಯ ಮೇಲಿದೆ, ಭರೀತದ ತಟ್ಟೆಯಲ್ಲಿ ಇಲ್ಲ.

ಮೂರನೆಯದು: ಎಣ್ಣೆಗಾಯಿ

ಇದು ನನ್ನ ತವರಿನ ಅಡುಗೆ. ಧಾರವಾಡದಲ್ಲಿ ಜೋಳದ ರೊಟ್ಟಿ, ಎಣ್ಣಿಗಾಯಿ, ಮೊಸರು, ಶೇಂಗಾ ಚಟ್ನಿ ಇದ್ದರೆ ಬೇರೆ ಹಬ್ಬ ಬೇಕಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆ ಇದು ಇರಲೇಬೇಕು.

ಸಣ್ಣ ಗುಂಡು ಬದನೆಕಾಯಿ ಎಂಟು ತೆಗೆದುಕೊಳ್ಳಿ. ತೊಟ್ಟು ತೆಗೆಯದೆ, ಬುಡದಿಂದ ನಾಲ್ಕು ಸೀಳು ಮಾಡಿ ಉಪ್ಪುನೀರಿನಲ್ಲಿ ಹಾಕಿಡಿ. ಅರ್ಧ ಲೋಟ ಶೇಂಗಾ, ಒಂದೊಂದು ದೊಡ್ಡ ಚಮಚ ಎಳ್ಳು ಮತ್ತು ಗುರೆಳ್ಳು, ಒಂದು ಸಣ್ಣ ಚಮಚ ಕೊತ್ತಂಬರಿ ಬೀಜ, ಇವನ್ನು ಬೇರೆ ಬೇರೆಯಾಗಿ ಹುರಿಯಿರಿ. ಗುರೆಳ್ಳನ್ನು ಮೈಸೂರಿನ ಕಡೆ ಹುಚ್ಚೆಳ್ಳು ಎನ್ನುತ್ತಾರೆ. ಅದು ಸಿಗದಿದ್ದರೆ ಎಳ್ಳನ್ನೇ ಹೆಚ್ಚಿಸಿ. ಇದಕ್ಕೆ 2 ದೊಡ್ಡ ಚಮಚ ಒಣಕೊಬ್ಬರಿ, ಒಂದೂವರೆ ಸಣ್ಣ ಚಮಚ ಖಾರದ ಪುಡಿ, ಗೋಲಿಯಷ್ಟು ಹುಣಸೆಹಣ್ಣು, ಅಷ್ಟೇ ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಸ್ವಲ್ಪ ನೀರು ಚಿಮುಕಿಸಿ ಕಾಯಿಗಳಿಗೆ ತುಂಬಿ. ದಪ್ಪ ತಳದ ಬಾಣಲೆಯಲ್ಲಿ 3 ದೊಡ್ಡ ಚಮಚ ಎಣ್ಣೆ, ಸಾಸಿವೆ, ಕರಿಬೇವು. ಕಾಯಿಗಳನ್ನು ಒಂದರ ಪಕ್ಕ ಒಂದು ಇಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ, ಐದಾರು ನಿಮಿಷಕ್ಕೊಮ್ಮೆ ಮೆಲ್ಲಗೆ ಹೊರಳಿಸಿ. ಎಲ್ಲ ಕಡೆ ಬಾಡಿದ ಮೇಲೆ ಉಳಿದ ಮಸಾಲೆಗೆ ಒಂದು ಲೋಟ ನೀರು ಕಲಸಿ ಹುಯ್ಯಿರಿ. ತುಂಬಿದ ಮಸಾಲೆಯಲ್ಲಿಯೇ ಹುಳಿ ಇರುವುದರಿಂದ ಇದು ಬೇಯಲು ಪಲ್ಯಕ್ಕಿಂತ ಹೆಚ್ಚು ಹೊತ್ತು ಬೇಕು. ಹದಿನೈದು ನಿಮಿಷ ಕಾದು, ಎಣ್ಣೆ ಮೇಲೆ ತೇಲಿದಾಗ ಇಳಿಸಿ.

ಹೈದರಾಬಾದಿನಲ್ಲಿ ಇರುವವರು ಬಗಾರಾ ಬೈಂಗನ್ ತಿಂದಿರುತ್ತೀರಿ, ತೆಲುಗರ ಮನೆಯಲ್ಲಿ ಗುತ್ತಿ ವಂಕಾಯ ತಿಂದಿರುತ್ತೀರಿ. ಪುಣೆಯವರು ಭರಲಿ ವಾಂಗಿ ಬಲ್ಲಿರಿ. ಚೆನ್ನೈಯವರ ಎಣ್ಣೈ ಕತ್ತಿರಿಕ್ಕಾಯಿಗಂತೂ ನಮ್ಮ ಹೆಸರೇ ಇದೆ. ಇವೆಲ್ಲ ಅಕ್ಕತಂಗಿಯರು. ಗೆಳೆಯರ ಮನೆಯಲ್ಲಿ ಇದನ್ನು ತಿನ್ನುವಾಗ, "ನಮ್ಮಲ್ಲಿಯೂ ಒಂದು ಇದೆ, ಭಾನುವಾರ ಬಾ, ನಾನೇ ಮಾಡುತ್ತೇನೆ" ಎನ್ನುವಂತಾದರೆ ನೀವು ನಮ್ಮ ಸಂಘದ ಒಳ್ಳೆಯ ರಾಯಭಾರಿಗಳು.

ನಾಲ್ಕನೆಯದು: ಗುಳ್ಳದ ಬೋಳು ಹುಳಿ

ಉಡುಪಿಯ ಹತ್ತಿರ, ಕಟಪಾಡಿಯ ಆಚೆ, ಸಮುದ್ರದ ಪಕ್ಕದಲ್ಲಿ ಮಟ್ಟು ಎಂಬ ಊರಿದೆ. ಅಲ್ಲಿ ಬೆಳೆಯುವ ತಿಳಿಹಸಿರು ಬಣ್ಣದ, ಬಿಳಿ ಗೆರೆಯ ದುಂಡು ಬದನೆಯೇ ಮಟ್ಟು ಗುಳ್ಳ. ಇದರ ಬೀಜವನ್ನು 16ನೆಯ ಶತಮಾನದ ಯತಿ ವಾದಿರಾಜರು ಕೊಟ್ಟರೆಂಬುದು ಊರವರ ನಂಬಿಕೆ. ಎರಡು ವರ್ಷಕ್ಕೊಮ್ಮೆ ಉಡುಪಿಯಲ್ಲಿ ನಡೆಯುವ ಪರ್ಯಾಯದ ಊಟಕ್ಕೆ ಇದು ಬೇಕೇ ಬೇಕು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ಮಟ್ಟುವಿನ ಮಣ್ಣಿನಲ್ಲಿ ಬೆಳೆಯದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಒಂದು ತರಕಾರಿ ತನ್ನ ಊರಿನ ಹೆಸರನ್ನು ಹೀಗೆ ಕಾಪಾಡಿಕೊಂಡಿದೆ.

ನಮ್ಮ ಕಟ್ಟಡದಲ್ಲಿ ಉಡುಪಿಯ ಕಡೆಯ ಹಿರಿಯರೊಬ್ಬರಿದ್ದಾರೆ. ಊರಿನಿಂದ ಬಂದವರ ಚೀಲದಲ್ಲಿ ಗುಳ್ಳ ಇದ್ದರೆ ಬಾಗಿಲು ತಟ್ಟಿ, "ಗುಳ್ಳ ಬಂದುಂಟು ಮಾರಾಯ್ರೆ, ಎರಡು ನಿಮಗೆ" ಎಂದು ಕೊಟ್ಟುಹೋಗುತ್ತಾರೆ. ಬೋಳು ಹುಳಿ ಹೇಳಿಕೊಟ್ಟದ್ದೂ ಅವರೇ. ಬೋಳು ಎಂದರೆ ಗೊತ್ತಲ್ಲ, ಬೋಳುತಲೆ! ತೆಂಗಿನಕಾಯಿ ಅರೆದು ಹಾಕದ ಹುಳಿಗೆ ತಲೆಗೂದಲಿಲ್ಲ ಎಂದು ತಮಾಷೆಯ ಹೆಸರು. ಕಾಯಿ ತುರಿಯುವ, ಅರೆಯುವ ಕೆಲಸವಿಲ್ಲದ್ದರಿಂದ ಒಬ್ಬರೇ ಇರುವವರಿಗೆ ಬಹಳ ಅನುಕೂಲ. ಗುಳ್ಳ ಸಿಗದಿದ್ದರೆ ಯಾವ ಹಸಿರು ಬದನೆಯಾದರೂ ಸರಿ.

ಅರ್ಧ ಲೋಟ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿಡಿ. ಕಾಲು ಕಿಲೋ ಬದನೆಯನ್ನು ದೊಡ್ಡ ಹೋಳು ಮಾಡಿ, ನಾಲ್ಕು ಸೀಳಿದ ಹಸಿಮೆಣಸಿನಕಾಯಿ, ಅರಿಸಿನ, ಉಪ್ಪು, ಮುಳುಗುವಷ್ಟು ನೀರು ಹಾಕಿ ಬೇಯಿಸಿ. ಹೋಳು ಮೆತ್ತಗಾದ ಮೇಲೆ ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಚೂರು ಬೆಲ್ಲ ಹಾಕಿ ಒಂದು ಕುದಿ ಬರಿಸಿ. ಬೆಂದ ಬೇಳೆ ಸೇರಿಸಿ ಇನ್ನು ಐದು ನಿಮಿಷ ಕುದಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು, ಇಂಗಿನ ಒಗ್ಗರಣೆ. ತಿನ್ನುವವರಾದರೆ ಇಂಗಿನ ಬದಲು ಏಳೆಂಟು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಕುಚ್ಚಲಕ್ಕಿ ಅನ್ನ, ಈ ಹುಳಿ, ಒಂದು ಹಪ್ಪಳ. ಇಷ್ಟೇ ಊಟ.

ಐದನೆಯದು: ವಾಂಗಿಬಾತ್

ಈ ಹೆಸರಿನಲ್ಲಿ ಒಂದು ತಮಾಷೆಯಿದೆ. ವಾಂಗಿ ಎಂದರೆ ಮರಾಠಿಯಲ್ಲಿ ಬದನೆಕಾಯಿ, ಭಾತ್ ಎಂದರೆ ಅನ್ನ. ಹೆಸರು ಮರಾಠಿಯದು, ಹೆಸರುವಾಸಿಯಾದದ್ದು ಮೈಸೂರಿನಲ್ಲಿ! ಅಲ್ಲಿನವರು ಇದಕ್ಕೆ ಉದ್ದನೆಯ ಹಸಿರು ಬದನೆಕಾಯಿಯನ್ನೇ ಹುಡುಕುತ್ತಾರೆ. ಅದು ಬೆಂದರೂ ಕರಗಿ ಮುದ್ದೆಯಾಗುವುದಿಲ್ಲ.

ಪುಡಿಗೆ: 2 ದೊಡ್ಡ ಚಮಚ ಕಡಲೆಬೇಳೆ, 1 ದೊಡ್ಡ ಚಮಚ ಉದ್ದಿನಬೇಳೆ, 2 ದೊಡ್ಡ ಚಮಚ ಕೊತ್ತಂಬರಿ ಬೀಜ, 8 ಬ್ಯಾಡಗಿ ಮೆಣಸಿನಕಾಯಿ, ಬೆರಳಗಲ ಚಕ್ಕೆ, 3 ಲವಂಗ, 2 ಮರಾಠಿಮೊಗ್ಗು. ಬ್ಯಾಡಗಿ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೇ ಬಾತಿನ ಬಣ್ಣ ಕಂಡು ಹೆದರಬೇಕಿಲ್ಲ. ಎಲ್ಲವನ್ನೂ ತುಸು ಎಣ್ಣೆಯಲ್ಲಿ ಬೇರೆ ಬೇರೆಯಾಗಿ ಹುರಿದು, ಕೊನೆಗೆ 2 ದೊಡ್ಡ ಚಮಚ ಕೊಬ್ಬರಿತುರಿ ಬೆಚ್ಚಗೆ ಮಾಡಿ, ಆರಿದ ಮೇಲೆ ಪುಡಿ ಮಾಡಿ. ಮೂರು ಸಲಕ್ಕೆ ಆಗುತ್ತದೆ. ಒಂದು ಲೋಟ ಅಕ್ಕಿಯ ಅನ್ನವನ್ನು ಉದುರುದುರಾಗಿ ಮಾಡಿ ಆರಲು ಹರಡಿ. ಮೊದಲು ಹೇಳಿದ ಪಲ್ಯದ ಕ್ರಮದಲ್ಲಿ ಬದನೆ ಬಾಡಿಸಿ, ಹುಣಸೆರಸ, ಬೆಲ್ಲ, ಮೂರು ದೊಡ್ಡ ಚಮಚ ಪುಡಿ ಹಾಕಿ. ಹಸಿವಾಸನೆ ಹೋದ ಮೇಲೆ ಅನ್ನ ಸೇರಿಸಿ ಹಗುರವಾಗಿ ಕಲಸಿ.

ನನ್ನ ಅತ್ತೆಯವರು ಮೈಸೂರಿನವರು. ಕೊನೆಯ ಎರಡು ವರ್ಷ ಅವರಿಗೆ ಮರೆವಿನ ಕಾಯಿಲೆ. ಮಗನನ್ನೇ "ನೀವು ಯಾರು?" ಎಂದು ಕೇಳುತ್ತಿದ್ದರು. ಮೊಮ್ಮಕ್ಕಳ ಹೆಸರು ಹೋಯಿತು, ಇರುವುದು ಮುಂಬಯಿ ಎಂಬುದೂ ಹೋಯಿತು. ಆದರೆ ನಾನು ಅಡುಗೆಮನೆಯಲ್ಲಿ ವಾಂಗಿಬಾತಿನ ಪುಡಿಗೆ ಹುರಿಯುತ್ತಿದ್ದರೆ ಒಳಗಿನ ಕೋಣೆಯಿಂದ ಅವರ ದನಿ ಬರುತ್ತಿತ್ತು, "ಸಾಕು, ಇಳ್ಸಮ್ಮ, ಘಮ ಬಂತು." ಹೋಗಿ ನೋಡಿದರೆ ಬೇಳೆ ಸರಿಯಾಗಿ ಹೊಂಬಣ್ಣಕ್ಕೆ ಬಂದಿರುತ್ತಿತ್ತು. ಒಂದು ಸಲವೂ ಅವರ ಲೆಕ್ಕ ತಪ್ಪಲಿಲ್ಲ. ಅವರಿಗೆ ಕೊನೆಯವರೆಗೂ ಉಳಿದ ಕನ್ನಡ ಒಲೆಯ ಮುಂದಿನ ಕನ್ನಡ.

'ಮಾಡು' ಒಂದೇ ಸಾಕೇ?

ಈಗ ನಮ್ಮ ಮನೆಗಳ ಮಾತನ್ನು ಸ್ವಲ್ಪ ಕೇಳಿಸಿಕೊಳ್ಳಿ. "ಬದನೆಕಾಯಿ ಕಟ್ ಮಾಡು, ಫ್ರೈ ಮಾಡು, ರೋಸ್ಟ್ ಮಾಡು, ಗ್ರೈಂಡ್ ಮಾಡು, ಮಿಕ್ಸ್ ಮಾಡು." ಕನ್ನಡದಲ್ಲಿ ಉಳಿದದ್ದು 'ಮಾಡು' ಒಂದೇ. ಮೇಲಿನ ಐದು ಅಡುಗೆಗಳಲ್ಲಿ ನಾನು ಬಳಸಿದ ಕ್ರಿಯಾಪದಗಳನ್ನು ಒಮ್ಮೆ ಎಣಿಸಿ ನೋಡಿ: ಹೆಚ್ಚು, ಸೀಳು, ಹಿಂಡು, ಬಾಡಿಸು, ಹುರಿ, ಸುಡು, ಸುಲಿ, ಕಿವುಚು, ಜಜ್ಜು, ಅರೆ, ತುಂಬು, ಹೊರಳಿಸು, ಬೇಯಿಸು, ಕುದಿಸು, ಕಲಸು, ಇಳಿಸು. ಹದಿನಾರು! ಪ್ರತಿಯೊಂದಕ್ಕೂ ಬೇರೆ ಅರ್ಥ. ಬೇಯಿಸುವುದು ಬೇರೆ, ಕುದಿಸುವುದು ಬೇರೆ. ಬೇಯುವುದು ಹೋಳು, ಕುದಿಯುವುದು ನೀರು. ಹುರಿಯುವುದು ಬೇರೆ, ಕರಿಯುವುದು ಬೇರೆ. ಇಂಗ್ಲಿಷಿನ 'ಫ್ರೈ' ಎಂಬ ಒಂದೇ ಪದದಲ್ಲಿ ಎರಡೂ ಸೇರಿಹೋಗುತ್ತವೆ. ಬಾಡಿಸುವುದಕ್ಕೆ ನಾನು ಓದಿದ ಇಂಗ್ಲಿಷಿನಲ್ಲಿ ಸರಿಯಾದ ಒಂದು ಪದ ನನಗೆ ಸಿಕ್ಕಿಲ್ಲ. ಹೂವು ಬಾಡುತ್ತದೆ, ಮುಖ ಬಾಡುತ್ತದೆ, ಬಾಣಲೆಯಲ್ಲಿ ಬದನೆಕಾಯಿಯೂ ಬಾಡುತ್ತದೆ. ತರಕಾರಿ ಹೆಚ್ಚಿದರೆ ತುಂಡುಗಳು ಹೆಚ್ಚುತ್ತವೆ. ಈ ಸಂಬಂಧಗಳನ್ನು ತರಗತಿಯಲ್ಲಿ ಪಾಠವಾಗಿ ಕಲಿಸಿದರೆ ಆಕಳಿಕೆ ಬರುತ್ತದೆ. ಕೈಯಲ್ಲಿ ಚಾಕು, ಮುಂದೆ ಒಲೆ ಇದ್ದಾಗ ಮಾತ್ರ ತಾವಾಗಿ ಬಂದು ಕೂರುತ್ತವೆ.

ಇವು ಯಾವುವೂ ಕಷ್ಟದ ಪದಗಳಲ್ಲ, ಹಳಗನ್ನಡವೂ ಅಲ್ಲ. ನಿಮ್ಮ ಅಮ್ಮ ಈಗಲೂ ಬಳಸುತ್ತಾರೆ. ಆದರೆ ನಿಮ್ಮ ಜೊತೆ ಮಾತನಾಡುವಾಗ, ನಿಮಗೆ ಅರ್ಥವಾಗಲಿ ಎಂದು, ಅವರೂ 'ಫ್ರೈ ಮಾಡು' ಎನ್ನತೊಡಗಿದ್ದಾರೆ. ನೀವು ಕೇಳದಿದ್ದರೆ ಅವರು ಹೇಳುವುದನ್ನು ಬಿಡುತ್ತಾರೆ. ಅವರು ಬಿಟ್ಟರೆ ನಿಮ್ಮ ಮಕ್ಕಳ ಕಿವಿಗೆ ಈ ಹದಿನಾರು ಪದ ಬೀಳುವುದು ಎಲ್ಲಿಂದ?

ಕೇಳಿ ಕಲಿಯುವುದು ಹೇಗೆ?

ಮೊಬೈಲಿನಲ್ಲಿ ನೂರು ವಿಡಿಯೋ ಸಿಗುತ್ತವೆ, ಅಮ್ಮನನ್ನೇ ಏಕೆ ಕೇಳಬೇಕು ಎನ್ನಬಹುದು. ವಿಡಿಯೋ ನೋಡಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಮನೆಯ ಹುಳಿಗೆ ಬೆಲ್ಲ ಎಷ್ಟು ಬೀಳುತ್ತದೆ ಎಂಬುದು ವಿಡಿಯೋಗೆ ತಿಳಿಯದು. ಹಾಸನದ ಕಡೆಯವರಾದರೆ ಅವರೆಕಾಳು ಬದನೆಕಾಯಿ ಹುಳಿಯೂ ರಾಗಿಮುದ್ದೆಯೂ ನಿಮ್ಮ ಮನೆಯದು. ಮಾಂಸಾಹಾರಿ ಮನೆಯವರಾದರೆ ಒಣಮೀನು, ಬದನೆಕಾಯಿ ಸಾರು ನಿಮ್ಮ ಅಜ್ಜಿಯ ಕೈಗುಣವಿರಬಹುದು. ಅವು ನನಗಿಂತ ನಿಮ್ಮ ಮನೆಯವರಿಗೇ ಚೆನ್ನಾಗಿ ಗೊತ್ತು.

ಅಮ್ಮನಿಗೋ ಅಜ್ಜಿಗೋ ಫೋನು ಮಾಡಿ. "ಉಪ್ಪು ಎಷ್ಟು?" ಎಂದರೆ "ಹದ ನೋಡಿಕೊಂಡು ಹಾಕು" ಎನ್ನುತ್ತಾರೆ. ರೇಗಬೇಡಿ. ಅವರು ಮುಚ್ಚಿಡುತ್ತಿಲ್ಲ, ಅವರ ಅಳತೆ ಕೈಯಲ್ಲಿದೆ, ಬಾಯಲ್ಲಿಲ್ಲ. ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅವರು ಹಿಡಿಯಲ್ಲಿ ತೆಗೆದದ್ದನ್ನು ಬಾಣಲೆಗೆ ಬೀಳುವ ಮೊದಲು ಒಂದು ಚಮಚದಲ್ಲಿ ಅಳೆದುಬಿಡಿ. ನಗುತ್ತಾರೆ, ನಗಲಿ. ಅಳೆದದ್ದನ್ನು ಕನ್ನಡ ಅಕ್ಷರದಲ್ಲಿ ಬರೆದಿಡಿ. ಒತ್ತಕ್ಷರ ತಪ್ಪಿದರೂ ಅಡುಗೆ ಕೆಡುವುದಿಲ್ಲ. ಬರೆಯಲು ಬಾರದವರು ಅವರ ದನಿಯಲ್ಲೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಈ ಲೇಖನವನ್ನು ಅಮ್ಮ ಓದಿ ಹೇಳುತ್ತಿದ್ದು ನೀವು ಕೇಳುತ್ತಿದ್ದರೆ, ಇಲ್ಲಿಗೆ ನಿಲ್ಲಿಸಿ ಅವರನ್ನೇ ಕೇಳಿ: "ನಮ್ಮ ಮನೆಯಲ್ಲಿ ಬದನೆಕಾಯಿಗೆ ಏನು ಹಾಕುತ್ತಾರೆ?"

ಮೊದಲ ಸಲ ತಳ ಹಿಡಿಯಬಹುದು, ಎರಡನೆಯ ಸಲ ಉಪ್ಪು ಹೆಚ್ಚಾಗಬಹುದು. ಮೂರನೆಯ ಸಲಕ್ಕೆ ಕೈಗೆ ಹದ ಬರುತ್ತದೆ. ಈ ಶನಿವಾರ ಮಾರುಕಟ್ಟೆಗೆ ಹೋದಾಗ ಕಾಲು ಕಿಲೋ ಬದನೆಕಾಯಿ ತನ್ನಿ. ತೊಟ್ಟು ಹಸಿರಾಗಿದೆಯೇ ನೋಡಿ.